ಅಗ್ಗದ ಎಣ್ಣೆ

ಮನೆ ಕಟ್ಟಿಸುವಾಗ ಮತ್ತು ಮಗಳಿಗೆ ವರ ನೋಡುವಾಗ ಊರವರ ಸಲಹೆ ಬೇಡವೆಂದರೂ ಮೇಲೆ ಬಂದು ಬೀಳುತ್ತದೆ. ಮೂರನೆಯ ಸಂದರ್ಭವೊಂದು ಇದೆಯೆಂಬುದು ನನಗೆ ತಿಳಿದದ್ದು 2012ನೆಯ ಇಸವಿಯ ಬೇಸಿಗೆಯಲ್ಲಿ. ಐವತ್ತು ದಾಟಿದ ಮೇಲೆ, ಮಕ್ಕಳ ಓದಿನ ಸಾಲ ತೀರಿದ ಮೇಲೆ, ನಾವೂ ಒಂದು ಕಾರು ಕೊಳ್ಳೋಣವೆಂದು ಮನಸ್ಸು ಮಾಡಿದೆ. ಹಾಗೆ ಮನಸ್ಸು ಮಾಡಿದ್ದನ್ನು ಒಬ್ಬನೇ ಒಬ್ಬ ಗೆಳೆಯನ ಮುಂದೆ ಆಡಿದೆ. ಮರುದಿನ ಬೆಳಗಿನಲ್ಲಿ ಹಾಲು ಹಾಕಲು ಬಂದವನು ಪಾತ್ರೆಗೆ ಹಾಲು ಸುರಿಯುತ್ತ, "ಡೀಸೆಲ್ಲ ತಗೋರಿ ಸರ, ಪೆಟ್ರೋಲ್ ಬ್ಯಾಡ" ಎಂದ.

ನಮ್ಮ ಬಾಗಲಕೋಟೆಯ ನವನಗರ ಲೆಕ್ಕ ಬಲ್ಲವರ ಊರು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಪೇಟೆಯ ಎಷ್ಟೋ ಓಣಿಗಳನ್ನು ಬಿಟ್ಟುಕೊಡಬೇಕಾಗಿ ಬಂದಾಗ, ಬಾಗಿಲು ಎಷ್ಟು, ತೊಲೆ ಎಷ್ಟು, ಹಿತ್ತಲ ಬೇವಿನ ಮರಕ್ಕೆ ಬೆಲೆ ಎಷ್ಟು ಎಂದು ಸರಕಾರದೊಡನೆ ವರ್ಷಗಟ್ಟಲೆ ಲೆಕ್ಕ ಹಾಕಿ ಪಳಗಿದವರು ಇಲ್ಲಿಯ ಜನ. ಅಂಥವರು ನನ್ನ ಕಾರಿನ ಲೆಕ್ಕ ಬಿಡುವರೆ? ಲೆಕ್ಕವೂ ಬಿಡಿಸಲು ಕಷ್ಟದ್ದಲ್ಲ. ಪೆಟ್ರೋಲಿನ ಬೆಲೆಯ ಮೇಲಿನ ಹಿಡಿತವನ್ನು ಕೇಂದ್ರ ಸರಕಾರ 2010ರ ಜೂನ್ ತಿಂಗಳಲ್ಲಿಯೇ ಬಿಟ್ಟಿತ್ತು; ಡೀಸೆಲ್ಲಿನದನ್ನು ಬಿಟ್ಟಿರಲಿಲ್ಲ. 2012ರ ಮೇ ತಿಂಗಳಿನಲ್ಲಿ ಪೆಟ್ರೋಲು ಒಂದೇ ರಾತ್ರಿಯಲ್ಲಿ ಲೀಟರಿಗೆ ಏಳು ರೂಪಾಯಿಗೂ ಮಿಕ್ಕಿ ಏರಿತು. ದಿಲ್ಲಿಯಲ್ಲಿ ಆಗ ಪೆಟ್ರೋಲಿಗೆ 73 ರೂಪಾಯಿ, ಡೀಸೆಲ್ಲಿಗೆ 41. ನಮ್ಮ ರಾಜ್ಯದಲ್ಲಿ ಎರಡೂ ಇನ್ನಷ್ಟು ಹೆಚ್ಚು, ಅವುಗಳ ನಡುವಣ ಅಂತರವೂ ಹೆಚ್ಚು. ಅದರ ಮೇಲೆ ಡೀಸೆಲ್ ಕಾರು ಒಂದು ಲೀಟರಿಗೆ ನಾಲ್ಕೈದು ಕಿಲೋಮೀಟರು ಹೆಚ್ಚೇ ಓಡುತ್ತದೆ. ತಿಂಗಳಿಗೆ ಸಾವಿರ ಕಿಲೋಮೀಟರು ತಿರುಗಿದರೆ ಮೂರು ಸಾವಿರದ ಹತ್ತಿರ ಉಳಿತಾಯ; ಕಾರಿಗೆ ಮೊದಲೇ ತೆರಬೇಕಾದ ಹೆಚ್ಚಿನ ಒಂದು ಲಕ್ಷ ಮೂರು ವರ್ಷದಲ್ಲಿ ಹುಟ್ಟಿ ಬರುತ್ತದೆ. ಪಕ್ಕದ ಮನೆಯವರು ಇದನ್ನೆಲ್ಲ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಬರೆದು ಕೊಟ್ಟರು. ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವವನು; ಅವರ ಲೆಕ್ಕದಲ್ಲಿ ನನಗೆ ತಪ್ಪು ಸಿಗಲಿಲ್ಲ.

ಡೀಸೆಲ್ಲು ಏಕೆ ಅಗ್ಗ ಎಂಬುದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಸ್ಸು, ಲಾರಿ, ಟ್ರಾಕ್ಟರು, ಹಳ್ಳದಿಂದ ಹೊಲಕ್ಕೆ ನೀರೆತ್ತುವ ಎಂಜಿನು, ಇವೆಲ್ಲ ಅದರ ಮೇಲೆಯೇ ಬದುಕಿದಂಥವು. ಅದು ತುಟ್ಟಿಯಾದರೆ ಬಡವನ ಬಸ್ ಚಾರ್ಜಿನಿಂದ ಹಿಡಿದು ಉಳ್ಳಾಗಡ್ಡಿಯವರೆಗೆ ಎಲ್ಲವೂ ತುಟ್ಟಿ. ಆದಕಾರಣ ಸರಕಾರ ಭಾರ ಹೊತ್ತು ಅದರ ಬೆಲೆಯನ್ನು ತಗ್ಗಿಸಿ ಹಿಡಿದಿತ್ತು. ಈ ಸಂಗತಿಯನ್ನು ನಾನು ವರ್ಷವರ್ಷವೂ ತರಗತಿಯಲ್ಲಿ ಹೇಳುತ್ತಿದ್ದೆ. ಡೀಸೆಲ್ ಕಾರುಗಳ ಮೇಲೆ 80,000 ರೂಪಾಯಿಗಳ ಹೆಚ್ಚುವರಿ ಸುಂಕ ಹಾಕಬೇಕೆಂದು ಕಿರೀಟ್ ಪಾರಿಖ್ ಸಮಿತಿ 2010ರಲ್ಲಿ ಸೂಚಿಸಿದಾಗ, ಅದು ಎಷ್ಟು ನ್ಯಾಯವಾದುದೆಂದು ಹುಡುಗರಿಗೆ ಒಂದು ಇಡೀ ಗಂಟೆ ವ್ಯಾಖ್ಯಾನ ಮಾಡಿದ್ದೆ. ಆ ಸೂಚನೆ ಜಾರಿಗೆ ಬರಲಿಲ್ಲ. ಬರಲಿಲ್ಲವಾದ್ದರಿಂದಲೇ ನನಗೆ ಕಾರು ಗಿಟ್ಟಿತು. ಡೀಸೆಲ್ ಹೊಗೆ ಕ್ಯಾನ್ಸರಿಗೆ ಕಾರಣವಾಗತಕ್ಕದ್ದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಶಾಖೆ ಸಾರಿದ್ದೂ ಅದೇ 2012ರ ಜೂನ್ ತಿಂಗಳಿನಲ್ಲಿ. ಆ ಸುದ್ದಿಯನ್ನು ನಾನು ಚಹಾ ಕುಡಿಯುತ್ತ ಓದಿದೆ, ಓದಿ ಹಾಳೆ ತಿರುವಿದೆ. ಜುಲೈ ತಿಂಗಳಲ್ಲಿ ಕಾರು ಬಂತು.

ಬಂದ ದಿನ ಓಣಿಯ ಹುಡುಗರೆಲ್ಲ ಸುತ್ತ ನೆರೆದರು. ತೆಂಗಿನಕಾಯಿ ಒಡೆದು, ನಾಲ್ಕು ನಿಂಬೆಹಣ್ಣುಗಳನ್ನು ಗಾಲಿಗಳ ಕೆಳಗಿಟ್ಟು ಕೀಲಿ ತಿರುವಿದಾಗ, ಅದುವರೆಗೆ ಬೆಳ್ಳಗೆ ಸಭ್ಯವಾಗಿ ನಿಂತಿದ್ದ ಆ ಕಾರು ತನ್ನ ನಿಜವಾದ ಜಾತಿ ತೋರಿಸಿತು. ಆ ಶಬ್ದವನ್ನು ನಾನು ಎಲ್ಲೋ ಕೇಳಿದ್ದೆ. ಎಲ್ಲಿ ಎಂದು ಎರಡು ದಿನ ತಲೆ ತುರಿಸಿಕೊಂಡೆ. ಮೂರನೆಯ ದಿನ ನಸುಕಿನಲ್ಲಿ ಹೊಳೆಯಿತು: ನನ್ನ ಬಾಲ್ಯದ ಹಿಟ್ಟಿನ ಗಿರಣಿ! ಹುನಗುಂದದ ಹತ್ತಿರದ ನಮ್ಮ ಹಳ್ಳಿಯಲ್ಲಿ ಒಂದು ಎಣ್ಣೆ ಎಂಜಿನಿನ ಗಿರಣಿಯಿತ್ತು. ಅದರ ಹೊಗೆಯ ಕೊಳವೆ ಮಾಳಿಗೆಯ ಮೇಲೆ ಕುಕ್ ಕುಕ್ ಎಂದು ಕೂಗತೊಡಗಿತೆಂದರೆ ಊರ ಹೆಂಗಸರೆಲ್ಲ ಜೋಳದ ಬುಟ್ಟಿ ಹೊತ್ತು ಮನೆಗಳಿಂದ ಹೊರಬೀಳುತ್ತಿದ್ದರು. ಅಕ್ಕನೂ ನಾನೂ ಸರದಿಯಲ್ಲಿ ಬುಟ್ಟಿ ಇಟ್ಟು ಕಾಯುತ್ತಿದ್ದೆವು. ಬಿಸಿ ಹಿಟ್ಟಿನ ವಾಸನೆ, ಸುಟ್ಟ ಎಣ್ಣೆಯ ವಾಸನೆ ಎರಡೂ ಕೂಡಿ ನನ್ನ ಮೂಗಿನಲ್ಲಿ ಇಂದಿಗೂ ಒಂದೇ ವಾಸನೆಯಾಗಿ ಉಳಿದಿವೆ. ನನ್ನ ಕಾರು ಆ ಗಿರಣಿಯ ಮೊಮ್ಮಗು ಎಂಬುದು ಗೊತ್ತಾದ ಮೇಲೆ ಅದರ ಗದ್ದಲ ನನಗೆ ಬೇಸರವೆನಿಸಲಿಲ್ಲ.

ಹೊಸ ಸವಾರನ ಪಾಡನ್ನು ಬಹಳ ಹಿಗ್ಗಿಸಿ ಹೇಳಲಾರೆ. ಕೀಲಿಯನ್ನು ಅರ್ಧ ತಿರುವಿ, ಸುರುಳಿಯಾಕಾರದ ಹಳದಿ ದೀಪ ಆರುವ ತನಕ ತಾಳಿ, ಆಮೇಲೆ ಚಾಲೂ ಮಾಡಬೇಕೆಂದು ಮಾರಿದವರು ಹೇಳಿಕೊಟ್ಟಿದ್ದರು. ಪೆಟ್ರೋಲು ಕಿಡಿಗೆ ಹತ್ತುತ್ತದೆ, ಡೀಸೆಲ್ಲಿಗೆ ಕಿಡಿಯಿಲ್ಲ. ಗಾಳಿಯನ್ನೇ ಹದಿನಾರು ಹದಿನೆಂಟು ಪಟ್ಟು ಒತ್ತಿ ಕಾಯಿಸಿ, ಕಾದ ಗಾಳಿಗೆ ಎಣ್ಣೆಯನ್ನು ಚಿಮುಕಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಗೇರು ಬದಲಿಸಿ ಕಾಲು ಒತ್ತಿದರೆ ನನ್ನ ಕಾರು ಒಂದು ಗಳಿಗೆ ಯೋಚನೆ ಮಾಡುತ್ತಿತ್ತು. ಯೋಚನೆ ಮುಗಿದೊಡನೆ ಮಲಗಿದ್ದ ಎತ್ತು ಬೆದರಿ ಎದ್ದಂತೆ ಮುಂದಕ್ಕೆ ನುಗ್ಗುತ್ತಿತ್ತು. ಈ ಎರಡರ ನಡುವಣ ಹದವನ್ನು ಕಲಿಯಲು ನನಗೆ ಒಂದು ತಿಂಗಳು ಹಿಡಿಯಿತು. ಪಂಪಿಗೆ ಹೋದಾಗಲೆಲ್ಲ ಹುಡುಗ ಮರೆತು ಪೆಟ್ರೋಲು ತುಂಬಿಬಿಟ್ಟಾನೆಂದು ಕೆಳಗಿಳಿದು, ನಳಿಗೆಯ ಹತ್ತಿರ ನಿಂತು, "ಡೀಸೆಲ್ಲಪ್ಪಾ, ಡೀಸೆಲ್ಲು" ಎಂದು ಮೂರು ಸಲ ಹೇಳುತ್ತಿದ್ದೆ, ನಾಮಸ್ಮರಣೆಯಂತೆ.

ಆ ಹೆಸರಿನ ಮನುಷ್ಯನ ವಿಷಯ ಓದಿದ್ದೂ ಆಗಲೇ. ರುಡಾಲ್ಫ್ ಡೀಸೆಲ್ ಜರ್ಮನ್ ಎಂಜಿನಿಯರು. 1897ರಲ್ಲಿ ಔಗ್ಸ್‌ಬರ್ಗಿನಲ್ಲಿ ಅವನ ಎಂಜಿನು ಸರಿಯಾಗಿ ನಡೆದು ತೋರಿಸಿತು. 1900ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಅವನ ಮಾದರಿಯ ಒಂದು ಎಂಜಿನನ್ನು ಶೇಂಗಾ ಎಣ್ಣೆಯಿಂದ ಓಡಿಸಿದರಂತೆ. ನಮ್ಮ ಸೀಮೆಯ ಶೇಂಗಾ! ಇದನ್ನು ಮನೆಯಲ್ಲಿ ಓದಿ ಹೇಳಿದಾಗ ನನ್ನಾಕೆ, "ಹಂಗಾರ ಚಟ್ನಿಗೆ ಇಟ್ಟ ಶೇಂಗಾ ಮುಟ್ಟಬ್ಯಾಡ್ರಿ ಮತ್ತ" ಎಂದಳು. ದೊಡ್ಡ ಕಾರಖಾನೆಯವರ ಉಗಿಯಂತ್ರದ ಎದುರಿಗೆ ಸಣ್ಣ ಕಸಬುದಾರನೂ ತಲೆಯೆತ್ತಿ ನಿಲ್ಲಲು ತನ್ನ ಎಂಜಿನು ನೆರವಾಗಲಿ ಎಂಬುದು ಆ ಪುಣ್ಯಾತ್ಮನ ಬಯಕೆಯಾಗಿತ್ತು. ಜನ ಒಬ್ಬರಿಗೊಬ್ಬರು ಆಗಿಬಂದು ಬಾಳುವ ಬಗೆಯ ಮೇಲೆ 1903ರಲ್ಲಿ ಒಂದು ಪುಸ್ತಕವನ್ನೇ ಬರೆದ. 1913ರ ಸೆಪ್ಟೆಂಬರಿನ ಒಂದು ರಾತ್ರಿ ಇಂಗ್ಲೆಂಡಿಗೆ ಹೊರಟ ಹಡಗಿನಿಂದ ಕಾಣೆಯಾದ. ಅವನ ಎಂಜಿನು ನಮ್ಮೂರ ಗಿರಣಿಗೂ ಬಂತು, ನನ್ನ ಮನೆಯ ಅಂಗಳಕ್ಕೂ ಬಂತು. ಇವೆರಡರಲ್ಲಿ ಯಾವುದನ್ನು ನೋಡಿ ಅವನು ಹಿಗ್ಗುತ್ತಿದ್ದ ಎಂಬ ಪ್ರಶ್ನೆ ಆಗ ನನ್ನ ತಲೆಗೆ ಬರಲಿಲ್ಲ. ಆಗ ನನ್ನ ತಲೆಯ ತುಂಬ ಇದ್ದದ್ದು ಒಂದು ಪುಟ್ಟ ಪುಸ್ತಕ. ಎಷ್ಟು ಲೀಟರು ಹಾಕಿಸಿದೆ, ಎಷ್ಟು ಕಿಲೋಮೀಟರು ಓಡಿತು, ಪೆಟ್ರೋಲಾಗಿದ್ದರೆ ಎಷ್ಟು ತಗಲುತ್ತಿತ್ತು, ಉಳಿದದ್ದೆಷ್ಟು ಎಂದು ನಾಲ್ಕು ಗೆರೆ ಎಳೆದು ದಿನಾಂಕ ಸಹಿತ ಬರೆದಿಡುತ್ತಿದ್ದೆ. ಜಿಪುಣನಿಗೆ ಗಂಟು ಬಿಚ್ಚಿ ಎಣಿಸುವುದರಲ್ಲಿ ಎಂಥ ಸುಖವಿದೆಯೋ, ನನಗೆ ಆ ನಾಲ್ಕನೆಯ ಗೆರೆಯನ್ನು ಕೂಡಿಸುವುದರಲ್ಲಿ ಅಂಥ ಸುಖ.

ಇನ್ನು ಹೇಳಬೇಕಾದ ಸಂಗತಿಗೆ ಬರುತ್ತೇನೆ. ಬಾದಾಮಿಯಲ್ಲಿರುವ ನನ್ನ ಅಕ್ಕನಿಗೆ ಪ್ರತಿವರ್ಷ ಪಂಚಮಿಗೆ ಒಂದು ಸೀರೆ ಒಯ್ದು ಕೊಡುವುದು ನಮ್ಮಲ್ಲಿಯ ವಾಡಿಕೆ. ಆ ವರ್ಷದ ಪಂಚಮಿಯ ಸೀರೆ ಕಾರಿನ ಮೊದಲ ಕಂತಿನಲ್ಲಿ ಕರಗಿ ಹೋಗಿತ್ತು. ಚೌತಿಗಾದರೂ ಕೊಡೋಣ, ಅದೂ ಇಳಕಲ್ಲಿನಿಂದಲೇ ತಂದು ಕೊಡೋಣವೆಂದು ಸೆಪ್ಟೆಂಬರ್ 13, ಗುರುವಾರ, ಅರ್ಧ ದಿನದ ರಜೆ ಹಾಕಿ ಒಬ್ಬನೇ ಹೊರಟೆ. ಬಾಗಲಕೋಟೆಯಿಂದ ಕಮತಗಿ, ಅಮೀನಗಡ, ಹುನಗುಂದ ದಾಟಿ ಇಳಕಲ್ಲು, ಸುಮಾರು ಅರವತ್ತು ಕಿಲೋಮೀಟರು. ಅದು ಬರಗಾಲದ ವರ್ಷ. ಮುಂಗಾರು ಕೈಕೊಟ್ಟಿತ್ತು. ರಸ್ತೆಯ ಎರಡೂ ಬದಿಗೆ ಎರೆ ಹೊಲಗಳು ಬಾಯಿ ಬಿಟ್ಟು ಬಿದ್ದಿದ್ದವು. ಹಳ್ಳದ ದಂಡೆಯಲ್ಲಿ ಮಾತ್ರ ಅಲ್ಲಿಷ್ಟು ಇಲ್ಲಿಷ್ಟು ಹಸಿರು, ಅದರ ಪಕ್ಕದಲ್ಲಿ ಒಂದು ಎಂಜಿನಿನ ಸದ್ದು. ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡೆ.

ಇಳಕಲ್ಲಿನಲ್ಲಿ ನೇಕಾರರ ಮನೆಗೇ ಹೋದೆ. ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಎಳೆಗೆ ಎಳೆ ಕೂಡಿಸಿ ಕೊಂಡಿ ಹಾಕುವುದನ್ನು ನೋಡಿದವರಿಗೆ ಆ ಸೀರೆಯ ಬೆಲೆಯಲ್ಲಿ ಚೌಕಾಸಿ ಮಾಡುವ ಮನಸ್ಸಾಗದು. ನಾನು ಮಾಡಿದೆನೆನ್ನಿ, ಐವತ್ತು ರೂಪಾಯಿಗೆ. ಬರುವಾಗ ವಿಜಯ ಮಹಾಂತೇಶ್ವರ ಮಠದ ಮುಂದೆ ಕಾರು ನಿಲ್ಲಿಸಿ ಕೈಮುಗಿದೆ. ಆ ಮಠದ ಮಹಾಂತ ಶಿವಯೋಗಿಗಳು ಆಗ ಇನ್ನೂ ಇದ್ದರು, 2018ರಲ್ಲಿ ಲಿಂಗೈಕ್ಯರಾದರು. ಜೋಳಿಗೆ ಹಿಡಿದು ಮನೆಮನೆಗೆ ಹೋಗಿ, ದವಸವನ್ನಲ್ಲ, ಜನರ ದುಶ್ಚಟಗಳನ್ನು ಬೇಡಿದವರು ಅವರು. ಕುಡಿತ ಹಾಕಿರಿ, ತಂಬಾಕು ಹಾಕಿರಿ ಎಂದು ಜೋಳಿಗೆ ಚಾಚುತ್ತಿದ್ದರಂತೆ. ನನಗೆ ಕುಡಿತವಿಲ್ಲ, ತಂಬಾಕಿಲ್ಲ. ಜೋಳಿಗೆಗೆ ಹಾಕುವಂಥದ್ದು ನನ್ನಲ್ಲೇನೂ ಇಲ್ಲವೆಂದು ಸಮಾಧಾನದಿಂದ ಕಾರು ಹತ್ತಿದೆ.

ಹುನಗುಂದ ಮುಟ್ಟುವ ಮೊದಲೇ ಫೋನು ಬಂತು. ಪಕ್ಕದ ಮನೆಯವರು. "ಸರ, ಟೀವಿಯೊಳಗ ಬಂತ್ರಿ. ರಾತ್ರಿ ಹನ್ನೆರಡರಿಂದ ಡೀಸೆಲ್ಲಿಗೆ ಐದು ರೂಪಾಯಿ ಏರಸ್ಯಾರ. ಎಲ್ಲಿದ್ದೀರಿ ಅಲ್ಲೇ ಫುಲ್ ಮಾಡಿಸಿಬಿಡ್ರಿ." ಆ ಹೊತ್ತಿಗೆ ಸುದ್ದಿ ದಾರಿಗುಂಟ ಓಡಿತ್ತು. ಪಂಪಿನಲ್ಲಿ ಜಾತ್ರೆ. ಲಾರಿ, ಟ್ರಾಕ್ಟರು, ಟಂಟಂ, ಕ್ಯಾನು ಹಿಡಿದ ರೈತರು. ನಾನು ಸಾಲಿನ ಕೊನೆಗೆ ನಿಂತೆ. ಆದರೆ ಪಂಪಿನ ಹುಡುಗ ದೂರದಿಂದಲೇ ನನ್ನ ಬಿಳಿಯ ಕಾರನ್ನು ಕಂಡು, "ಬರ್ರಿ ಸಾಹೇಬ್ರ, ಈ ಕಡೆಯಿಂದ ಬರ್ರಿ" ಎಂದು ಕೈಬೀಸಿ ಕರೆದ. ನಾನು ಹೋದೆ. ಟಾಕಿಯಲ್ಲಿ ಆಗ ಹತ್ತು ಲೀಟರಿನಷ್ಟು ಎಣ್ಣೆ ಇತ್ತು. ಬಾಗಲಕೋಟೆ ಮುಟ್ಟಲು ಮೂರು ಲೀಟರು ಸಾಕು. "ಫುಲ್" ಎಂದೆ.

ಮೂವತ್ತೈದು ಲೀಟರು ಹೋಯಿತು. ಯಂತ್ರದ ಅಂಕಿ ತಿರುಗುವುದನ್ನು ನಾನು ನೋಡುತ್ತ ನಿಂತಿದ್ದಾಗ ಪಕ್ಕದಲ್ಲಿ ಒಬ್ಬ ರೈತ ಬಂದು ನಿಂತ. ಅವನ ಕೈಯಲ್ಲಿ ಒಂದು ಹಳದಿ ಕ್ಯಾನು, ಹಿಂದೊಮ್ಮೆ ಶೇಂಗಾ ಎಣ್ಣೆ ತುಂಬಿದ್ದಿರಬೇಕು. ನನ್ನ ಕಾರಿನ ಸದ್ದು ಕೇಳಿಯೋ, ನಳಿಗೆ ನೋಡಿಯೋ, "ಸಾಹೇಬ್ರ ಗಾಡೀನೂ ಡೀಸೆಲ್ ಮ್ಯಾಲ ಓಡತೈತೇನ್ರಿ?" ಎಂದ. ಹೌದೆಂದೆ. "ಚಲೋ ಆತು ಬಿಡ್ರಿ" ಎಂದ. ಆ ಮಾತಿನಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ನನಗೆ ಒಳ್ಳೆಯದಾಗುತ್ತಿತ್ತು. ನಳಿಗೆ ನನ್ನ ಕಾರಿನಿಂದ ಹೊರಬಂದಿತು. ಅವನು ಕ್ಯಾನು ಮುಂದಿಟ್ಟ. ಹುಡುಗ ಎರಡು ಸಲ ಒತ್ತಿ ನೋಡಿದ. ನಳಿಗೆ ಕೆಮ್ಮಿತು, ಒಂದು ಬೊಗಸೆಯಷ್ಟು ಉಗುಳಿತು, ನಿಂತಿತು. "ಮುಗೀತು ಕಾಕಾ. ನಾಳೆ ಲೋಡು ಬರತೈತಿ." "ಎರಡ ಲೀಟರರ ಹಾಕೋ ತಮ್ಮಾ, ರಾತ್ರಿ ಎಂಜಿನ್ ಹಚ್ಚಬೇಕಾಗೇತಿ, ಉಳ್ಳಾಗಡ್ಡಿ ಒಣಗತಾವು." "ಇದ್ದರ ಹಾಕತಿದ್ದಿಲ್ಲೇನ ಕಾಕಾ?" ನಾನು ದುಡ್ಡು ಎಣಿಸಿ ಕೊಟ್ಟು, ರಸೀದಿ ಇಸಿದುಕೊಂಡು, ಕಾರು ಹತ್ತಿದೆ.

ಮೂವತ್ತೈದು ಲೀಟರಿಗೆ ಐದು ರೂಪಾಯಿಯಂತೆ ನೂರ ಎಪ್ಪತ್ತೈದು ರೂಪಾಯಿ. ಪುಸ್ತಕದಲ್ಲಿ ಬರೆಯತಕ್ಕ ಮೊತ್ತ.

ಅಮೀನಗಡದ ತನಕ ನಾನು ನನ್ನ ವಕೀಲನಾಗಿ ವಾದಿಸಿದೆ. ಸರಕಾರ ಪಂಪಿನ ಮೇಲೆ ಒಂದೇ ಬೆಲೆ ಬರೆಸಿದೆ. ರೈತನಿಗೆ ಇಷ್ಟು, ಮಾಸ್ತರನಿಗೆ ಇಷ್ಟು ಎಂದು ಬರೆಸಿಲ್ಲ. ಕೊಡುವವನೇ ಭೇದ ಮಾಡದಿದ್ದಾಗ ಕೊಳ್ಳುವವನಿಗೆ ಏನು ಹೊಣೆ? ಎರಡನೆಯದಾಗಿ, ನಾನು ತೆರಿಗೆ ತೆರುವವನು. ಆ ಸಹಾಯಧನದಲ್ಲಿ ನನ್ನದೂ ಒಂದು ಪಾಲುಂಟು. ಮೂರನೆಯದು ಎಲ್ಲಕ್ಕೂ ಗಟ್ಟಿಯಾದ ವಾದ: ನಾನು ಡೀಸೆಲ್ಲು ಬಿಟ್ಟು ಪೆಟ್ರೋಲು ಕೊಂಡರೆ ನಾನು ಬಿಟ್ಟದ್ದು ಆ ರೈತನಿಗೇನೂ ಹೋಗಿ ಸೇರುವುದಿಲ್ಲ. ದೇಶದ ಲೆಕ್ಕದಲ್ಲಿ ನನ್ನ ಮೂವತ್ತೈದು ಲೀಟರು ಸಮುದ್ರದಲ್ಲಿ ಒಂದು ಹನಿ. ತರಗತಿಯಲ್ಲಾಗಿದ್ದರೆ ಈ ಮೂರನೆಯ ವಾದವನ್ನು ನಾನು ಒಪ್ಪುತ್ತಿದ್ದೆ, ಈಗಲೂ ಬಹುಮಟ್ಟಿಗೆ ಒಪ್ಪುತ್ತೇನೆ. ಕಷ್ಟವೆಂದರೆ, ಆ ಒಂದು ಸಂಜೆ ಮಾತ್ರ ಅದು ನಿಲ್ಲುವುದಿಲ್ಲ. ಆ ಸಂಜೆ ಸಮುದ್ರವಿರಲಿಲ್ಲ, ಒಂದು ಟಾಕಿಯಿತ್ತು. ನಾನು ಬಿಟ್ಟ ಹನಿ ಬೇರೆಲ್ಲಿಗೂ ಹೋಗುತ್ತಿರಲಿಲ್ಲ. ಪಕ್ಕದಲ್ಲಿದ್ದ ಕ್ಯಾನಿಗೇ ಬೀಳುತ್ತಿತ್ತು.

ಕಮತಗಿ ಹತ್ತಿರವಾದಂತೆ ಇನ್ನೊಂದು ವಾದ ಹೊಳೆಯಿತು. ನಮ್ಮ ಹುನಗುಂದ ಸೀಮೆಯಲ್ಲಿಯೇ ಕೂಡಲಸಂಗಮವಿದೆ. ಅಲ್ಲಿಯ ದಾಸೋಹದ ಪಂಕ್ತಿಯಲ್ಲಿ ಎಷ್ಟೋ ಸಲ ಉಂಡಿದ್ದೇನೆ. ಕಿಸೆಯಲ್ಲಿ ದುಡ್ಡಿದ್ದೂ ಬಡವನ ಪಕ್ಕದಲ್ಲಿ ಕೂತು ಪುಕ್ಕಟೆ ಊಟ ಮಾಡಿದ್ದೇನೆ. ನಾಚಿಕೆಯಾಗಿರಲಿಲ್ಲ, ಒಂದು ಬಗೆಯ ಹೆಮ್ಮೆಯೇ ಆಗಿತ್ತು. ಅಲ್ಲಿ ಇಲ್ಲದ ನಾಚಿಕೆ ಪಂಪಿನಲ್ಲೇಕೆ? ಇದರ ಸುತ್ತ ಬಹಳ ಹೊತ್ತು ತಿರುಗಿದೆ. ಕೊನೆಗೆ ಕಂಡದ್ದಿಷ್ಟು. ಹೊಟ್ಟೆಗೆ ಅಳತೆಯುಂಟು. ಶ್ರೀಮಂತನಾದರೂ ಎರಡು ರೊಟ್ಟಿಗೆ ನಾಲ್ಕು ತಿಂದಾನೇ ಹೊರತು ನಲವತ್ತು ತಿನ್ನಲಾರ. ಆದ್ದರಿಂದಲೇ ಪಂಕ್ತಿಯಲ್ಲಿ ಸಮತೆ ತಾನಾಗಿ ಬರುತ್ತದೆ. ಎಣ್ಣೆಗೆ ಹೊಟ್ಟೆಯ ಅಳತೆಯಿಲ್ಲ. ಲೀಟರಿನ ಮೇಲೆ ತೋರಿಸಿದ ದಯೆ ಹೆಚ್ಚು ಲೀಟರು ಸುಡುವವನ ಮನೆಗೇ ಹೆಚ್ಚು ಹೋಗುತ್ತದೆ. ಬಸ್ಸಿನಲ್ಲಿ ನಿಂತು ಹೋಗುವ ಐವತ್ತು ಜನಕ್ಕೆ ಹಂಚಿದ ದಯೆ ಅಂಗುಲದಷ್ಟು. ಒಬ್ಬನೇ ಕಾರಿನಲ್ಲಿ ಕೂತು ಹೋಗುವ ನನ್ನ ಪಾಲಿನದು ಮಾರುದ್ದ. ಇದೇನೋ ಸರಿಯಾದ ಮಾತೇ. ಆದರೆ ಇದು ಸರಕಾರದ ಧೋರಣೆಯ ತಪ್ಪನ್ನು ತೋರಿಸಿತು; ನನ್ನ ತಪ್ಪು ಯಾವುದೆಂಬುದನ್ನು ತೋರಿಸಲಿಲ್ಲ. ಧೋರಣೆಯನ್ನು ಬೈದು ಮನೆ ಸೇರಿದೆ, ಪುಸ್ತಕ ತೆಗೆದು 175 ಎಂದು ಬರೆದೆ.

ಚೌತಿಗೆ ಬಾದಾಮಿಗೆ ಹೋದೆವು. ಗುಳೇದಗುಡ್ಡದ ದಾರಿ, ಕೆಂಪು ಗುಡ್ಡಗಳ ನಡುವೆ ಕಾರು ತಿರುಗುವಾಗ ನನ್ನಾಕೆಗೆ ಸಂತೋಷವೂ ಭಯವೂ ಆಯಿತು. ಅಕ್ಕನ ಮನೆಯ ಓಣಿಯಲ್ಲಿ ಕಾರು ಹಿಡಿಸಲಿಲ್ಲ. ದೂರ ನಿಲ್ಲಿಸಿದ್ದಕ್ಕೆ ಕೋತಿಗಳು ಬಂದು ಕನ್ನಡಿ ತಿರುವಿ ಮುಖ ನೋಡಿಕೊಂಡವು. ಊಟವಾದ ಮೇಲೆ ನಾನೊಬ್ಬನೇ ಗುಹೆಗಳ ಕಡೆ ಹೋಗಿ ಬಂದೆ. ಮೂರನೆಯ ಗುಹೆಯ ಹತ್ತಿರ ಮಂಗಳೇಶನ ಶಾಸನವಿದೆ, 578ನೆಯ ಇಸವಿಯದು. ಆ ಗುಡಿಗೆ ಒಂದು ಹಳ್ಳಿಯನ್ನು ದತ್ತಿ ಬಿಟ್ಟ ಸಂಗತಿ ಅದರಲ್ಲಿದೆ. ನಮ್ಮ ಹಳೆಯ ದಾನಶಾಸನಗಳಲ್ಲಿ ಎಷ್ಟೋ ಕಡೆ ಕೊನೆಗೊಂದು ಶಾಪ ಕೆತ್ತಿರುತ್ತಾರೆ: ಒಬ್ಬರಿಗೆಂದು ಬಿಟ್ಟದ್ದನ್ನು ಅಪಹರಿಸಿದವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾನೆಂದು. ಹಾಗಾದರೆ ಒಬ್ಬರ ಪಾಲಿನದು ಇನ್ನೊಬ್ಬರ ಬಾಯಿಗೆ ಬೀಳುವುದು ಅಂದಿನವರಿಗೂ ಗೊತ್ತಿತ್ತು. ಅವರಿಗೆ ಪಾರಿಖ್ ಸಮಿತಿ ಇರಲಿಲ್ಲವಾಗಿ ಹುಳುವಿನ ಮೊರೆ ಹೊಕ್ಕರು. ಹೀಗೆ ಚಮತ್ಕಾರವಾಗಿ ಯೋಚಿಸುತ್ತ ಮನೆಗೆ ಮರಳಿ, ಹುನಗುಂದದ ಸಂಗತಿಯನ್ನೂ ನನ್ನ ವಾದಗಳನ್ನೂ ದಾಸೋಹದ ವಿಚಾರವನ್ನೂ ಶಾಪವನ್ನೂ ಅಕ್ಕನ ಮುಂದೆ ಬಿಚ್ಚಿಟ್ಟೆ.

ಅಕ್ಕ ಮಡಿಲಿನಲ್ಲಿ ಸೀರೆಯಿಟ್ಟುಕೊಂಡು ಸೆರಗಿನ ಕೊಂಡಿಯನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದಳು. ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವಳು. ಎಲ್ಲ ಕೇಳಿ, "ಅಲ್ಲೋ ತಮ್ಮಾ, ಆ ಮನಷ್ಯಾ ಬಂದು ನಿಂತಾಗ ನಿನಗ ಇನ್ನೂ ಹಾಕಾಕಹತ್ತಿದ್ದರೇನು?" ಎಂದಳು. ಹೌದೆಂದೆ. "ಎಷ್ಟು ಹೋಗಿತ್ತು?" ಇಪ್ಪತ್ತಾಗಿತ್ತೇನೋ ಎಂದೆ. "ಮತ್ತ, ಸಾಕು ಅನ್ನಾಕ ಬರತಿದ್ದಿಲ್ಲೇನು?"

ಪಂಕ್ತಿಯಲ್ಲಿ ಕೂತಾಗ, ಬಡಿಸುವವನು ಮುಂದೆ ಬಂದು ನಿಂತಾಗ, ಎಲೆಯ ಮೇಲೆ ಕೈ ಅಡ್ಡ ಹಿಡಿದು ನಾವೆಲ್ಲ ಹೇಳುವ ಮಾತು. ಎರಡು ವರ್ಷದ ಕೂಸೂ ಹೇಳುತ್ತದೆ. ಹುನಗುಂದದಿಂದ ಬಾಗಲಕೋಟೆಯ ತನಕ ಐವತ್ತು ಕಿಲೋಮೀಟರು, ಆಮೇಲೆ ಐದು ದಿನ, ನಾನು ಎಷ್ಟೆಲ್ಲ ಯೋಚಿಸಿದ್ದೆ! ಡೀಸೆಲ್ ಕಾರು ಕೊಳ್ಳುವುದು ನ್ಯಾಯವೋ ಅನ್ಯಾಯವೋ, ಸಹಾಯಧನ ಸಾಧುವೋ ಅಸಾಧುವೋ ಎಂದು ಚರ್ಚೆ ಮಾಡಿದ್ದೆ. ಈ ಒಂದು ಮಾತು ನನಗೆ ಹೊಳೆದಿರಲಿಲ್ಲ. ಹೊಳೆಯದಿದ್ದುದು ಆಕಸ್ಮಿಕವಲ್ಲವೆಂದು ಈಗ ತೋರುತ್ತದೆ. ದೊಡ್ಡ ಪ್ರಶ್ನೆಯನ್ನು ಕೈಗೆತ್ತಿಕೊಂಡವನಿಗೆ ಒಂದು ಅನುಕೂಲವಿದೆ: ಅದಕ್ಕೆ ಉತ್ತರ ಸಿಗುವ ತನಕ ಅವನು ಸಣ್ಣದನ್ನು ಮಾಡಬೇಕಾಗಿಲ್ಲ.

"ಹೋಗಲಿ ಬಿಡು, ಕರದಂಟು ಚಲೋ ಅದಾವು" ಎಂದಳು ಅಕ್ಕ.

ಆಮೇಲೆ ನಾನೊಂದು ಪ್ರಾಯಶ್ಚಿತ್ತ ಹಿಡಿದೆ. ಆ ಪದ ದೊಡ್ಡದಾಯಿತು, ವ್ರತವೆನ್ನೋಣ. ಕಾರಿನಲ್ಲಿ ಒಬ್ಬನೇ ಹೋಗುವಾಗ ದಾರಿಯಲ್ಲಿ ಬಸ್ಸಿಗೆ ಕಾದವರು ಕಂಡರೆ ಹತ್ತಿಸಿಕೊಳ್ಳುವುದು. ಬಸ್ಸಿನ ಪಾಲನ್ನು ನಾನು ಉಂಡದ್ದಾದರೆ ಬಸ್ಸಿನ ಕೆಲಸವನ್ನೂ ನಾಲ್ಕಾಣೆಯಷ್ಟು ಮಾಡೋಣವೆಂದು. ಹುಡುಗರು ಹತ್ತಿದರು, ಜೋಳದ ಚೀಲ ಹತ್ತಿತು, ಒಮ್ಮೆ ಎರಡು ಕೋಳಿಯೂ ಹತ್ತಿದವು. ಜನರ ಹರಕೆ ಕೇಳಿ ಕೇಳಿ ನನ್ನ ಮನಸ್ಸು ಉಬ್ಬತೊಡಗಿತ್ತು. ಒಂದು ದಿನ ಕಮತಗಿಯಲ್ಲಿ ಒಬ್ಬ ಮುದುಕಿಯನ್ನು ಕೂರಿಸಿಕೊಂಡೆ, ಬಾಗಲಕೋಟೆಯ ದವಾಖಾನೆಗೆ ಹೋಗುವವಳು. ಇಳಿಯುವಾಗ ಸೊಂಟದ ಚೀಲ ಬಿಚ್ಚಿ ಇಪ್ಪತ್ತು ರೂಪಾಯಿಯ ನೋಟು ತೆಗೆದಳು. ನಾನು ಬೇಡವೆಂದೆ. ಮತ್ತೆ ಚಾಚಿದಳು. ನಗುತ್ತ, "ಇರಲಿ ಬಿಡಬೇ ಯವ್ವಾ, ನಾ ಹೆಂಗೂ ಬರಾವಿದ್ದೆ" ಎಂದೆ. ಅವಳ ಮುಖ ಗಂಟಿಕ್ಕಿತು. "ಬಸ್ಸಿಗೆ ಕೊಡೂದ ಕೊಡಾಕ್ಹತ್ತೇನಿ. ಮಂದೀದು ಪುಕ್ಕಟೆ ತಗೋಳ್ಳಾಕಿ ಅಲ್ಲ ನಾ" ಎಂದಳು. ನೋಟನ್ನು ಸೀಟಿನ ಮೇಲೆ ಇಟ್ಟು, ಹಿಂದೆ ನೋಡದೆ ಹೋದಳು.

ನನಗೆ ಸಿಟ್ಟು ಬಂತು, ಮುಚ್ಚಿಡುವುದೇಕೆ? ಕೊಡುವವನ ಗತ್ತಿಗೆ ಏಟು ಬಿದ್ದರೆ ಬರುವ ಸಿಟ್ಟು. ಅದು ಇಳಿದ ಮೇಲೆ ಗೊತ್ತಾದದ್ದು: ಅವಳಿಗೂ ಒಂದು ವಾದವಿತ್ತು. ಕಾರು ಹೇಗೂ ಬರುತ್ತಿತ್ತು, ಸೀಟು ಹೇಗೂ ಖಾಲಿಯಿತ್ತು, ಅವಳು ಹತ್ತಿದ್ದರಿಂದ ಯಾರಿಗೂ ಒಂದು ಕಾಸಿನ ನಷ್ಟವಿಲ್ಲ. ನಾನು ಅಮೀನಗಡದ ತನಕ ಮಾಡಿದ ವಾದಕ್ಕಿಂತ ಅದು ಎಷ್ಟೋ ಗಟ್ಟಿ. ಅವಳಿಗೆ ಅದು ಬೇಕಾಗಿರಲಿಲ್ಲ. ಲಾಭ ಯಾರ ನಷ್ಟದಿಂದ ಬಂತೆಂದು ನೋಡಿ ಹಿಂಜರಿಯುವ ಜನರುಂಟು. ಅವಳು ನೋಡಿದ್ದು ಅದು ತನ್ನದೋ ಅಲ್ಲವೋ ಎಂಬುದೊಂದನ್ನೇ. ಅವಳದು ಹೆಚ್ಚಿನ ಧರ್ಮವೆಂದು ನಾನು ಹೇಳಲಾರೆ. ಎಲ್ಲರೂ ಅವಳಂತಾದರೆ ದಾಸೋಹದ ಪಂಕ್ತಿಗಳು ಖಾಲಿ ಬೀಳುತ್ತವೆ, ಕೊಡುವ ಸುಖವೂ ಲೋಕದಲ್ಲಿ ಉಳಿಯದು. ಆದರೆ ಅವಳಂಥವಳ ಮುಂದೆ ನನ್ನ ನಾಲ್ಕು ಗೆರೆಯ ಪುಸ್ತಕವನ್ನು ತೆರೆದು ತೋರಿಸುವ ಧೈರ್ಯ ನನಗಿರಲಿಲ್ಲ. ಆ ವಾರವೇ ಅದನ್ನು ಬರೆಯುವುದು ನಿಲ್ಲಿಸಿದೆ. ಇಪ್ಪತ್ತರ ನೋಟನ್ನು ಅದರೊಳಗಿಟ್ಟು, ಕಾರಿನ ಮುಂದಿನ ಖಾನೆಯಲ್ಲಿ ಹಾಕಿದೆ. ಈಗಲೂ ಅಲ್ಲಿಯೇ ಇದೆ.

ಮುಂದಿನದೆಲ್ಲ ಎಲ್ಲರಿಗೂ ಗೊತ್ತಿದ್ದದ್ದೇ. 2013ರ ಜನವರಿಯಿಂದ ಡೀಸೆಲ್ಲಿನ ಬೆಲೆಯನ್ನು ತಿಂಗಳಿಗೆ ಸುಮಾರು ಐವತ್ತು ಪೈಸೆಯಂತೆ ಏರಿಸುತ್ತ ಬಂದರು. 2014ರ ಅಕ್ಟೋಬರಿನಲ್ಲಿ ಹಿಡಿತವನ್ನು ಪೂರ್ತಿ ಬಿಟ್ಟರು. 2020ರ ಏಪ್ರಿಲಿನಲ್ಲಿ ಹೊಗೆಯ ಹೊಸ ನಿಯಮ ಬಂತು. ದೇಶದ ಅತಿ ದೊಡ್ಡ ಕಾರು ಕಂಪನಿ ಡೀಸೆಲ್ ಕಾರು ಮಾಡುವುದನ್ನೇ ನಿಲ್ಲಿಸಿತು. ಅದೇ ವರ್ಷ ಜೂನ್ 24ರಂದು ದಿಲ್ಲಿಯಲ್ಲಿ ಡೀಸೆಲ್ಲು ಪೆಟ್ರೋಲಿಗಿಂತಲೂ ತುಟ್ಟಿಯಾಯಿತು. ಪಕ್ಕದ ಮನೆಯವರ ಲಗ್ನಪತ್ರಿಕೆಯ ಲೆಕ್ಕ ಹೀಗೆ ಬುಡಮೇಲಾದದ್ದನ್ನು ಕಂಡು ನನಗೆ ನಗು ಬಂತು. ಆಮೇಲೆ, ನನ್ನೊಡನೆ ಆ ಕ್ಯಾನಿನವನಿಗೂ ಅದೇ ಬೆಲೆ ಬಿತ್ತೆಂಬುದು ನೆನಪಾಗಿ ನಗು ನಿಂತಿತು. ನನ್ನಂಥವರು ಉಂಡ ಪಾಲನ್ನು ಬಿಡಿಸಲು ಹೋಗಿ ಅವನ ಎಲೆಯನ್ನೂ ಎತ್ತಿದ್ದಾಗಿತ್ತು.

ಕಾರು ಇನ್ನೂ ಇದೆ. ಗದ್ದಲ ಹೆಚ್ಚಾಗಿದೆ; ಈಗಂತೂ ಗಿರಣಿಯೇ. ಇಳಕಲ್ಲಿಗೆ ಹೋಗುವಾಗ ಹುನಗುಂದದ ಆ ಪಂಪಿನಲ್ಲಿ ಕೆಲವೊಮ್ಮೆ ನಿಲ್ಲಿಸುತ್ತೇನೆ, ಹತ್ತು ಲೀಟರು ಹಾಕಿಸಿ ಸಾಕು ಎನ್ನುತ್ತೇನೆ. ಪಂಪಿನವರಿಗೆ ಅದರಲ್ಲಿ ವಿಶೇಷವೇನೂ ಕಾಣುವುದಿಲ್ಲ; ಈಗ ಅಲ್ಲಿ ಎಣ್ಣೆ ಮುಗಿಯುವುದೂ ಇಲ್ಲ. ಕ್ಯಾನು ಹಿಡಿದವರು ಯಾರಾದರೂ ಬಂದರೆ ತಿರುಗಿ ನೋಡುತ್ತೇನೆ. ಅವನು ಅವರಲ್ಲಿ ಇದ್ದರೂ ನನಗೆ ಗುರುತು ಸಿಗುವುದಿಲ್ಲ. ಅಂದು ನಾನು ಅವನ ಮುಖ ನೋಡಿರಲಿಲ್ಲ. ಯಂತ್ರದ ಅಂಕಿಗಳನ್ನು ನೋಡುತ್ತಿದ್ದೆ. ನೆನಪಿರುವುದು ಕ್ಯಾನು ಮಾತ್ರ: ಹಳದಿ ಬಣ್ಣ, ಮುರಿದ ಹಿಡಿಕೆಗೆ ಸೆಣಬಿನ ಹಗ್ಗ, ಬಿರಡೆಯ ಬದಲು ಗೋವಿನಜೋಳದ ಬೆಂಡು.